ಹಾಜರಿ ಪುಸ್ತಕದ ಸಹಿ ಒಪ್ಪಿಗೆಯಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಸುಸ್ಥಿರ ಅಭಿವೃದ್ಧಿ ಯೋಜನೆಗೆ ‘ನಿವಾಸಿಗಳು ಒಮ್ಮತದ ಒಪ್ಪಿಗೆ ನೀಡಿದರು’ ಎಂಬ ನಿನ್ನೆಯ ವರದಿಯನ್ನು ಓದಿದೆ. ಆ ಒಪ್ಪಿಗೆ ಪಡೆದರೆನ್ನಲಾದ ಸಭೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಇದ್ದ ನಾನು ಅಲ್ಲಿ ಯಾವ ಒಮ್ಮತವನ್ನೂ ಕಾಣಲಿಲ್ಲ. ಬಾಗಿಲಲ್ಲೇ ಹಾಜರಿ ಪುಸ್ತಕವನ್ನು ಮುಂದಿಟ್ಟು ಸಹಿ ಹಾಕಿಸಿಕೊಂಡರು. ಅದರಲ್ಲಿ ಹೆಸರು, ಮನೆ ಸಂಖ್ಯೆ, ದೂರವಾಣಿ ಸಂಖ್ಯೆ, ಸಹಿ ಎಂಬ ಕಲಂಗಳಿದ್ದವೇ ಹೊರತು ಅಭಿಪ್ರಾಯ ಬರೆಯಲು ಒಂದು ಗೆರೆಯಷ್ಟೂ ಜಾಗವಿರಲಿಲ್ಲ. ಬಂದಿದ್ದೇವೆ ಎಂಬುದಕ್ಕೆ ಹಾಕಿದ ಆ ಸಹಿಗಳನ್ನೇ ಒಪ್ಪಿಗೆಯೆಂದು ಲೆಕ್ಕ ಹಿಡಿದಿದ್ದರೆ ಅದು ನಮಗೆ ಮಾಡಿದ ಮೋಸ.

ಸಭೆಯ ತಿಳಿವಳಿಕೆ ಪತ್ರ ಕೈಸೇರಿದ್ದೇ ಹಿಂದಿನ ದಿನ ಸಂಜೆ. ಸಭೆ ನಡೆದದ್ದು ಕೆಲಸದ ದಿನ, ಅದೂ ನಡುಹಗಲಿನಲ್ಲಿ. ನಾನು ಅರ್ಧ ದಿನದ ಸಂಬಳ ಬಿಟ್ಟು ಹೋದೆ. ದಿನಗೂಲಿಯವರು, ಪಾಳಿಯಲ್ಲಿ ದುಡಿಯುವವರು, ಎಳೆ ಮಕ್ಕಳನ್ನು ಬಿಟ್ಟು ಬರಲಾಗದ ತಾಯಂದಿರು ಬರಲೇ ಇಲ್ಲ. ಮಂಡಿನೋವಿರುವ ನನ್ನ ತಂದೆಯವರನ್ನು ಕೈಹಿಡಿದು ಎರಡನೇ ಮಹಡಿಗೆ ಹತ್ತಿಸಿದ್ದಾಯಿತು, ಅಧಿಕಾರಿಗಳು ಬರುವವರೆಗೆ ಕುರ್ಚಿಯಿಲ್ಲದೆ ಗೋಡೆಗೆ ಒರಗಿ ನಿಂತದ್ದಾಯಿತು, ಆಮೇಲೆ ಮೈಕ್ ಕೈಕೊಟ್ಟಿದ್ದರಿಂದ ಹಿಂದೆ ನಿಂತಿದ್ದ ನಮಗೆ ಅರ್ಧ ಮಾತು ಕೇಳಿಸಲೂ ಇಲ್ಲ.

ಗೋಡೆಗೆ ಅಂಟಿಸಿದ್ದ ನಕ್ಷೆಯನ್ನು ಹತ್ತಿರ ಹೋಗಿ ನೋಡಿದಾಗಲಂತೂ ಮೈ ಉರಿದುಹೋಯಿತು. ಪ್ರತಿ ಮಳೆಗಾಲದಲ್ಲೂ ಮೊಣಕಾಲುದ್ದ ನೀರು ನಿಲ್ಲುವ ತಗ್ಗಿಗೆ ಬೂದು ಬಣ್ಣ ಬಳಿದು ‘ವಾಹನ ನಿಲುಗಡೆ’ ಎಂದು ಬರೆದಿದ್ದಾರೆ. ಮೇಲಿನ ರಸ್ತೆಗಳಿಂದ ಇಳಿದು ಬರುವ ನೀರೆಲ್ಲ ನೆಲಕ್ಕೆ ಇಂಗುವುದು ಅಲ್ಲೇ. ಅದರ ಮೇಲೆ ಕಾಂಕ್ರೀಟ್ ಹಾಸಿದರೆ ಇಂಗಲು ಎಡೆಯಿಲ್ಲದ ನೀರು ಕೆಳಗಿನ ಸಾಲಿನ ಮನೆಗಳಿಗೆ ನುಗ್ಗುತ್ತದೆ, ಸುತ್ತಲಿನ ಬಾವಿಗಳ ನೀರೂ ಇಳಿಯುತ್ತಾ ಹೋಗುತ್ತದೆ. ಬಿರು ಬಿಸಿಲಿನ ದಿನ ತೆಗೆದ ಉಪಗ್ರಹ ಚಿತ್ರದಲ್ಲಿ ಆ ತಗ್ಗು ಬರಿಯ ಬಯಲಾಗಿಯೇ ಕಾಣುತ್ತದೆ. ಮಳೆ ಬಿದ್ದಾಗ ಅಲ್ಲಿ ಏನಾಗುತ್ತದೆಂದು ಬಲ್ಲವರು ಅಲ್ಲಿ ಬದುಕುವವರು. ಆದ್ದರಿಂದಲೇ ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು ಯೋಜಕರು ಸ್ಥಳೀಯರ ಜೊತೆ ಕಾಲ್ನಡಿಗೆಯಲ್ಲಿ ಇಡೀ ಪ್ರದೇಶವನ್ನು ಸುತ್ತಿ, ನೀರಿನ ಜಾಡು, ಮರ, ಚರಂಡಿ, ಮಕ್ಕಳು ರಸ್ತೆ ದಾಟುವ ಜಾಗ ಎಲ್ಲವನ್ನೂ ಗುರುತು ಹಾಕಿಕೊಳ್ಳಬೇಕು. ತಂದೆಯವರು ಎದ್ದು ಈ ಮಾತನ್ನು ಹೇಳಿದರೆ, ಯೋಜನಾ ವರದಿ ಆಗಲೇ ಮುದ್ರಣವಾಗಿದೆ, ಸಲಹೆಯಿದ್ದರೆ ಬರೆದು ಕೊಡಿ ಎಂಬ ಉತ್ತರ ಬಂತು. ಇದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಮುದ್ರಣವಾದ ಆ ಯೋಜನಾ ಪುಸ್ತಿಕೆಯ ಮುಖಪುಟದಲ್ಲಿ ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಚಕ್ರವಿದೆ. 2015ರಲ್ಲಿ ಒಪ್ಪಿತವಾದ ಆ ಗುರಿಗಳ ಪೈಕಿ 11ನೆಯದರಲ್ಲೇ, ವಸತಿ ಪ್ರದೇಶಗಳ ಯೋಜನೆ ಮತ್ತು ನಿರ್ವಹಣೆಯಲ್ಲಿ ಜನರು ಪಾಲ್ಗೊಳ್ಳುವಂತಾಗಬೇಕು ಎಂಬ ಮಾತಿದೆ. ಚಕ್ರವನ್ನು ಅಚ್ಚು ಹಾಕಿಸಿದವರು ಅದನ್ನು ಓದಬೇಕಿತ್ತು. ಇದು ಹೊಸ ಮಾತೂ ಅಲ್ಲ. ವಿಶ್ವಸಂಸ್ಥೆಯ 1992ರ ರಿಯೊ ಶೃಂಗಸಭೆಯಲ್ಲಿ ಒಪ್ಪಿತವಾದ ‘ಅಜೆಂಡಾ 21’ ಎಂಬ ಸುಸ್ಥಿರ ಅಭಿವೃದ್ಧಿ ಕಾರ್ಯಯೋಜನೆಯ 28ನೇ ಅಧ್ಯಾಯವು, 1996ರ ಹೊತ್ತಿಗೆ ಬಹುಪಾಲು ಸ್ಥಳೀಯ ಆಡಳಿತಗಳು ತಮ್ಮ ಜನರೊಡನೆ ಸಮಾಲೋಚಿಸಿ ಸ್ಥಳೀಯ ಕಾರ್ಯಸೂಚಿಗೆ ಒಮ್ಮತ ಮೂಡಿಸಿರಬೇಕೆಂದು ಹೇಳಿತ್ತು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ನಿವಾಸಿಗಳೇ ನೆರೆಹೊರೆಯ ಸಭೆಗಳಲ್ಲಿ ಕುಳಿತು, ಬಜೆಟ್ಟಿನ ಹಣದಲ್ಲಿ ಯಾವ ಕೆಲಸ ಮೊದಲಾಗಬೇಕೆಂದು ಚರ್ಚಿಸಿ ತೀರ್ಮಾನಿಸಿದರು. ಕೇರಳವು 1996ರ ಜನತಾ ಯೋಜನೆಯಲ್ಲಿ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಡಲು ನಿರ್ಧರಿಸಿತು. ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ 1969ರಲ್ಲಿ ವಿವರಿಸಿದ ಅಮೆರಿಕದ ಲೇಖಕಿ ಶೆರಿ ಅರ್ನ್‌ಸ್ಟೈನ್, ಅಧಿಕಾರವನ್ನು ಹಂಚಿಕೊಳ್ಳದೆ ಅಭಿಪ್ರಾಯ ಮಾತ್ರ ಕೇಳುವುದನ್ನು ತೋರಿಕೆಯ ಪಾಲ್ಗೊಳ್ಳುವಿಕೆಯೆಂದೇ ಕರೆದರು. ನಮ್ಮಲ್ಲಿ ಮುದ್ರಣಕ್ಕೆ ಮುನ್ನ ಆ ಕೇಳುವಿಕೆಯೂ ನಡೆಯಲಿಲ್ಲ.

ಈ ಯೋಜನೆ ರೂಪಿಸಿದ ಕಚೇರಿಯ ಚಾಳಿ ಇಂದು ನಿನ್ನೆಯದಲ್ಲ. ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ಮರುತಿಂಗಳೇ ಕೊಳವೆಗಾಗಿ ಅಗೆದವರು ಇವರೇ. ಪರಿಸರ ದಿನದಂದು ಸಸಿ ನೆಟ್ಟು, ನೀರೆರೆಯುವ ಹೊಣೆಯನ್ನು ಯಾರಿಗೂ ವಹಿಸದೆ ಒಣಗಿಸಿದವರೂ ಇವರೇ. ಆ ಸಸಿಗಳ ಕಬ್ಬಿಣದ ಬೇಲಿಗಳು ಇಂದಿಗೂ ಖಾಲಿ ನಿಂತಿವೆ. ನಾವು ಮನೆಯಲ್ಲಿ ಹಸಿ ಕಸ, ಒಣ ಕಸ ಎಂದು ಬೇರ್ಪಡಿಸಿ ಕೊಟ್ಟದ್ದನ್ನು ನಮ್ಮ ಕಣ್ಣೆದುರೇ ಒಂದೇ ಲಾರಿಗೆ ಸುರಿಯುತ್ತಾರೆ. ದೂರು ಕೊಟ್ಟರೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಕೆಲಸ ಮಾಡಿಸುವವರಿಗೂ ಅದನ್ನು ಉಳಿಸಿಕೊಂಡು ಬಾಳಬೇಕಾದವರಿಗೂ ಮಾತುಕತೆಯೇ ಇಲ್ಲದ ಕಡೆ ಇನ್ನೇನಾದೀತು?

ಈ ಯೋಜನೆಯನ್ನು ಕೂಡಲೇ ರದ್ದುಪಡಿಸಬೇಕು. ರದ್ದುಪಡಿಸಲಾಗದಿದ್ದರೆ ಪುಸ್ತಿಕೆಯನ್ನು ಹಿಂಪಡೆದು, ದುಡಿಯುವವರು ಬರಬಹುದಾದ ಹೊತ್ತಿನಲ್ಲಿ, ಮೆಟ್ಟಿಲು ಹತ್ತಬೇಕಿಲ್ಲದ ಜಾಗದಲ್ಲಿ ಮತ್ತೆ ಸಭೆ ಕರೆಯಬೇಕು. ತಮ್ಮ ಪತ್ರಿಕೆಯೂ ‘ಒಮ್ಮತ’ ಎಂಬ ವರದಿಯನ್ನು ತಿದ್ದಿ ಪ್ರಕಟಿಸಬೇಕು. ಸಂಬಂಧಪಟ್ಟ ಮೇಲಧಿಕಾರಿಗಳು ಇನ್ನಾದರೂ ಕಚೇರಿಯ ಕುರ್ಚಿ ಬಿಟ್ಟೆದ್ದು, ಮಳೆ ಬಿದ್ದ ದಿನ ಆ ತಗ್ಗಿಗೆ ಬಂದು ನಿಲ್ಲಲಿ. ಇಷ್ಟು ಜನರ ಸಹಿಯನ್ನು ಹೀಗೆ ದುರುಪಯೋಗಪಡಿಸಿಕೊಳ್ಳಲು ಇವರಿಗೆ ನಾಚಿಕೆಯಾಗಬೇಕು.

– ನೊಂದ ನಿವಾಸಿ