ಬಾಟಲಿ ತೆರೆಯುವ ಮುನ್ನ ಕಾರಿನ ಕೈಪಿಡಿ ತೆರೆಯಿರಿ

ಮಾನ್ಯರೆ,

ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬರುವ ಲೇಖನಗಳಲ್ಲಿ ‘ದುಬಾರಿ ಪೆಟ್ರೋಲ್ ಹಾಕಿಸಿ, ಮೇಲೊಂದು ಬಾಟಲಿ ಅಡಿಟಿವ್ (ಪೆಟ್ರೋಲಿಗೆ ಬೆರೆಸುವ ರಾಸಾಯನಿಕ) ಸುರಿಯಿರಿ’ ಎಂಬ ಸಲಹೆ ಮತ್ತೆ ಮತ್ತೆ ಕಾಣುತ್ತದೆ. ಆಕ್ಟೇನ್ ಕೊರತೆ, ಸೀಸದ ಕೊರತೆ, ಎಥೆನಾಲ್‌ನ ಕಾಟ ಇವು ಬೇರೆ ಬೇರೆ ತೊಂದರೆಗಳು. ಒಂದರ ಮದ್ದು ಇನ್ನೊಂದಕ್ಕೂ ನಾಟುತ್ತದೆ ಎನ್ನುವಂತಿಲ್ಲ.

ಮೊದಲು ಆಕ್ಟೇನ್, ಅಂದರೆ ಒತ್ತಡದಲ್ಲಿ ತಾನಾಗಿ ಉರಿಯದೆ ತಡೆದುಕೊಳ್ಳುವ ಪೆಟ್ರೋಲಿನ ಗುಣದ ಅಳತೆ. ಕೈಪಿಡಿಯಲ್ಲಿರುವ ಅಂಕಿ ಯಾವ ಅಳತೆಯದು ಎಂದು ನೋಡಿಕೊಳ್ಳಬೇಕು. ಯುರೋಪಿನ ಪಂಪುಗಳು ತೋರಿಸುವುದು ಆರ್‌ಒಎನ್ (ಹಗುರ ಪರೀಕ್ಷೆಯ ಆಕ್ಟೇನ್ ಅಂಕಿ). ಅಮೆರಿಕದವು ಆರ್‌ಒಎನ್ ಮತ್ತು ಎಂಒಎನ್‌ಗಳ (ಕಠಿಣ ಪರೀಕ್ಷೆಯ ಅಂಕಿ) ಸರಾಸರಿ. ಹಾಗಾಗಿ ಅಮೆರಿಕದ 93 ಎಂದರೆ ಯುರೋಪಿನ 98ರ ಆಸುಪಾಸು. ಬ್ರಿಟನ್ನಿನ ಹಳೆಯ ‘ಫೋರ್ ಸ್ಟಾರ್’ ಪೆಟ್ರೋಲ್ 97 ಆರ್‌ಒಎನ್ ಇತ್ತು. 9:1 ಕಂಪ್ರೆಷನ್ನಿನ (ಸಿಲಿಂಡರ್‌ನೊಳಗಿನ ಮಿಶ್ರಣವನ್ನು ಒಂಬತ್ತನೇ ಒಂದಕ್ಕೆ ಹಿಂಡುವ) ಜಾಗ್ವಾರ್ ಇ-ಟೈಪ್‌ನಂಥ ಎಂಜಿನ್ನಿಗೆ 97–98 ಸಾಮಾನ್ಯವಾಗಿ ಸಾಕು. 10:1 ದಾಟಿದವಕ್ಕೆ 98ಕ್ಕಿಂತ ಕೆಳಗಿಳಿಯದಿರುವುದು ಲೇಸು. ಆದರೆ ಬರೀ ಕಂಪ್ರೆಷನ್ ನೋಡಿ ತೀರ್ಮಾನಿಸಬೇಡಿ: ಹಿಂದಿನ ಮೆಕ್ಯಾನಿಕ್ ಹೆಡ್ (ಸಿಲಿಂಡರ್‌ಗಳ ಮೇಲ್ಮುಚ್ಚಳ) ಅನ್ನು ಎಷ್ಟು ಅರೆದಿದ್ದಾನೆ, ಒಳಗೆ ಕಾರ್ಬನ್ ಎಷ್ಟು ಕಟ್ಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಾಕ್ ಮಾಡದ (ಪೆಟ್ರೋಲ್ ತಾನಾಗಿ ಸಿಡಿದು ಸದ್ದು ಮಾಡದ) ಎಂಜಿನ್ನಿಗೆ ಇನ್ನಷ್ಟು ಆಕ್ಟೇನ್ ಕೊಟ್ಟರೆ ಶಕ್ತಿ ಹೆಚ್ಚುವುದಿಲ್ಲ.

ನಾಕ್ ಆಗುತ್ತಿದೆಯೇ ಎಂದು ತಿಳಿಯಲು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಟಾಪ್ ಗೇರ್‌ನಲ್ಲಿ, ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ಕಿವಿಗೊಡಿ. ಲೋಹದ ಕಟಕಟ ಸದ್ದು ಕೇಳಿದರೆ ಮೊದಲು ಸ್ಟ್ರೋಬ್ ಲೈಟ್ ಹಿಡಿದು ಟೈಮಿಂಗ್ (ಪ್ಲಗ್ಗಿನಲ್ಲಿ ಕಿಡಿ ಹಾರುವ ಗಳಿಗೆ) ನೋಡಬೇಕು. ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಸ್ಪ್ರಿಂಗ್‌ಗಳು ಸಡಿಲವಾಗಿದ್ದರೆ ಅಡ್ವಾನ್ಸ್ (ಕಿಡಿ ಮುಂಚೆ ಹಾರುವುದು) ಬೇಗ ಬಂದುಬಿಡುತ್ತದೆ. ಹಳೆಯ ಕಾರುಗಳಲ್ಲಿ ಇದು ತೀರಾ ಸಾಮಾನ್ಯ, ಅಷ್ಟೇ ಸುಲಭವಾಗಿ ಕಣ್ತಪ್ಪುವಂಥದು. ಎಲ್ಲ ಸರಿಯಿದ್ದೂ ಸದ್ದು ಉಳಿದರೆ ಟೈಮಿಂಗನ್ನು 2 ಡಿಗ್ರಿ ಹಿಂದಕ್ಕೆ ತಿರುಗಿಸಿ ಮತ್ತೆ ಓಡಿಸಿ ನೋಡಿ. 4 ಡಿಗ್ರಿ ದಾಟಿದರೆ ಎಕ್ಸಾಸ್ಟ್ ವಾಲ್ವ್ ಕಾಯತೊಡಗುತ್ತದೆ. ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಸುಟ್ಟಂತೆ.

ಆಕ್ಟೇನ್ ಬೂಸ್ಟರ್ ಡಬ್ಬಿಯ ಮೇಲಿನ ‘10 ಪಾಯಿಂಟ್ ಏರಿಕೆ’ ಎಂಬುದನ್ನು ಹುಷಾರಾಗಿ ಓದಬೇಕು. ಅಲ್ಲಿ ಒಂದು ಪಾಯಿಂಟ್ ಎಂದರೆ ಸಾಮಾನ್ಯವಾಗಿ 0.1 ಆಕ್ಟೇನ್, ಅಂದರೆ 95 ಆಗುವುದು 96, ಖಂಡಿತ 105 ಅಲ್ಲ. ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತವಿರುವ ಬೂಸ್ಟರ್‌ಗಳು ಸ್ಪಾರ್ಕ್ ಪ್ಲಗ್ ಮೇಲೆ ಕೆಂಪು ಪದರ ಬಿಡುತ್ತವೆ. ಅದು ವಿದ್ಯುತ್ ಹರಿಯಬಿಡತೊಡಗಿದರೆ ಮಿಸ್‌ಫೈರ್ (ಕಿಡಿ ತಪ್ಪುವುದು) ಶುರು. ಟೊಲೀನ್‌ನ ಆರ್‌ಒಎನ್ ಸುಮಾರು 120. 95ರ ಪೆಟ್ರೋಲಿಗೆ ಶೇ 10ರಷ್ಟು ಬೆರೆಸಿದರೆ ಲೆಕ್ಕದಲ್ಲಿ 97.5 ಬರುತ್ತದೆ. ಆದರೆ ಅದು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಅದರ ಆವಿಯೂ ವಿಷ. ಪಂಪಿನಲ್ಲಿ 98 ಸಿಗುವಾಗ ಈ ಸಾಹಸ ಬೇಡ. ಅಂದಹಾಗೆ, ‘ಎಂಜಿನ್ನಿನ ಮೇಲಿನ ಭಾಗಕ್ಕೆ ಜಿಡ್ಡು’ ಎಂದು ಟ್ಯಾಂಕಿಗೆ ಟೂ-ಸ್ಟ್ರೋಕ್ ಆಯಿಲ್ ಸುರಿಯುವವರು ಆಕ್ಟೇನ್ ಅನ್ನು ತಾವೇ ಇಳಿಸಿಕೊಳ್ಳುತ್ತಿರುತ್ತಾರೆ.

ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸಕ್ಕೆ ಆಕ್ಟೇನ್ ಏರಿಸುವುದಲ್ಲದೆ ಇನ್ನೊಂದು ಕೆಲಸವೂ ಇತ್ತು: ಎಕ್ಸಾಸ್ಟ್ ವಾಲ್ವ್ ಮತ್ತು ಅದರ ಸೀಟಿನ ನಡುವೆ ತೆಳು ಪದರವಾಗಿ ಕೂರುವುದು. ಪದರ ಇಲ್ಲದಾಗ ಎರಕದ ಕಬ್ಬಿಣದ ಮೆತ್ತನೆ ಸೀಟಿನ ಕಣಗಳು ಬಿಸಿಯಲ್ಲಿ ವಾಲ್ವ್‌ಗೆ ಅಂಟಿ ಕಿತ್ತು ಬರುತ್ತವೆ, ವಾಲ್ವ್ ಹೆಡ್ಡಿನೊಳಗೆ ಇಳಿಯುತ್ತ ಹೋಗುತ್ತದೆ. ಅಲ್ಯೂಮಿನಿಯಂ ಹೆಡ್‌ನಲ್ಲಿ ಸೀಟುಗಳು ಪ್ರತ್ಯೇಕ ಉಂಗುರಗಳು, ಸಾಮಾನ್ಯವಾಗಿ ಗಟ್ಟಿ ಲೋಹದವು. ಅಂಥವಕ್ಕೆ ಸೀಸದ ಬದಲಿ ಬಹುತೇಕ ಅನಗತ್ಯ. ಕಬ್ಬಿಣದ ಹೆಡ್ ಇದ್ದು ದೀರ್ಘಕಾಲ ವೇಗವಾಗಿ ಓಡಿಸುವವರು ಟ್ಯಾಪೆಟ್ ಅಂತರವನ್ನು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) 1,500 ಕಿ.ಮೀ.ಗೊಮ್ಮೆ ಅಳೆದು ಬರೆದಿಡಲಿ. ಎಕ್ಸಾಸ್ಟ್ ಕಡೆಯ ಅಂತರ ಮಾತ್ರ ಕುಗ್ಗುತ್ತಿದ್ದರೆ ಸೀಟು ಸವೆಯುತ್ತಿದೆ ಎಂದರ್ಥ. ಹಾಗಿದ್ದರೆ ಪೊಟ್ಯಾಸಿಯಂ, ರಂಜಕ, ಮ್ಯಾಂಗನೀಸ್, ಸೋಡಿಯಂ ಇರುವ ಸೀಸದ ಬದಲಿಗಳಲ್ಲಿ ಒಂದನ್ನು ಆರಿಸಿ ಡಬ್ಬಿಯ ಅಳತೆಯಂತೆಯೇ ಹಾಕಿ. ಒಂದರೊಡನೆ ಇನ್ನೊಂದನ್ನು ಬೆರೆಸಬೇಡಿ. ಹೆಡ್ ಹೇಗೂ ಬಿಚ್ಚುವ ದಿನ ಗಟ್ಟಿ ಸೀಟು ಕೂರಿಸಿದರೆ ಬಾಟಲಿಯ ಗೊಡವೆಯೇ ಮುಗಿಯಿತು.

ಇಂದು ನಿಜಕ್ಕೂ ಗಮನ ಕೊಡಬೇಕಾದದ್ದು ಎಥೆನಾಲ್. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಶೇ 10 ಎಥೆನಾಲ್ ಇದ್ದರೆ ಸುಮಾರು 14.1, ಶೇ 20 ಇದ್ದರೆ 13.5ರ ಹತ್ತಿರ. ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್‌ಗೆ ಇದು ಗೊತ್ತಾಗುವುದಿಲ್ಲ, ಹಿಂದಿನಷ್ಟೇ ಇಂಧನ ಬಿಡುತ್ತದೆ. ಮಿಶ್ರಣ ಲೀನ್ ಆಗಿ (ಗಾಳಿಗೆ ತಕ್ಕ ಇಂಧನ ಇಲ್ಲದೆ) ಬಿಸಿಯೇರುತ್ತದೆ. ವೆಬರ್ ಕಾರ್ಬ್ಯುರೇಟರ್‌ನಲ್ಲಿ ಇಂಧನ ಹರಿಸುವ 130 ಮೇನ್ ಜೆಟ್ ಎಂದರೆ 1.30 ಮಿ.ಮೀ. ರಂಧ್ರ. ಹರಿವು ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ 135ಕ್ಕೆ ಹೋದರೆ ಸುಮಾರು ಶೇ 8 ಹೆಚ್ಚಳ. ಶೇ 20ರ ಇಂಧನಕ್ಕೆ ಇದು ಹೊಂದುತ್ತದೆ. ಶೇ 10ಕ್ಕೆ 132 ಸಿಕ್ಕರೆ ಸಾಕು. ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಇಂಧನ ಹೆಚ್ಚಿಸಲು ಜೆಟ್ ನಟ್ಟನ್ನು ಒಂದೊಂದೇ ಮಗ್ಗುಲು ಕೆಳಗೆ ತಿರುಗಿಸಿ ನೋಡಬೇಕು. ಪೆಟ್ರೋಲ್ ಹೋಸ್‌ಗಳನ್ನು ಎಥೆನಾಲ್ ತಾಳುವ ಎಸ್‌ಎಇ ಜೆ30 ಆರ್9 ದರ್ಜೆಗೆ ಬದಲಿಸಿ. ಕಾರ್ಕ್ ಗ್ಯಾಸ್ಕೆಟ್, ಫೈಬರ್‌ಗ್ಲಾಸ್ ಟ್ಯಾಂಕ್, ಟ್ಯಾಂಕಿನೊಳಗೆ ಬಳಿದ ಹಳೆಯ ಸೀಲರ್ ಇವನ್ನು ನಂಬಬೇಡಿ. ಕರಗಿದ ಸೀಲರ್ ಬಂದು ಕೂರುವುದು ಜೆಟ್‌ನಲ್ಲೇ.

ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಅನ್ನು ಹೊಸ ಪೆಟ್ರೋಲಿಗೇ ಹಾಕಿ, ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ. ಆಗಲೇ ಅದು ಕಾರ್ಬ್ಯುರೇಟರ್ ಮುಟ್ಟುವುದು. ಶೇ 10 ಎಥೆನಾಲ್ ಇರುವ ಪೆಟ್ರೋಲ್ ಹಿಡಿದಿಡಬಲ್ಲ ನೀರು ಸುಮಾರು ಶೇ 0.5. ಅದನ್ನು ದಾಟಿದರೆ ಎಥೆನಾಲ್ ನೀರಿನೊಂದಿಗೆ ತಳಕ್ಕಿಳಿಯುತ್ತದೆ, ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕುಸಿಯುತ್ತದೆ. ಆ ಹಂತದಲ್ಲಿ ಅಡಿಟಿವ್ ಹುಡುಕಬೇಡಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಬದಲಿಸಿ.

– ಹಳೆ ಎಂಜಿನ್‌ಗಳ ಕೆಲಸದಲ್ಲಿರುವ ಓದುಗ