ಪಾಸ್‌ಪೋರ್ಟ್ ಸಿಕ್ಕರೆ ಗೋಲ್‌ಕೀಪರ್ ಸಿಕ್ಕಂತಲ್ಲ

ಸಂಪಾದಕರಿಗೆ,

ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದ ಮೇಲೆ, ಹೊರದೇಶದಲ್ಲಿರುವ ನಮ್ಮ ಮೂಲದವರನ್ನೆಲ್ಲ ಕರೆಸಿ ಎಂಬ ಮಾತು ಜೋರಾಗಿದೆ. ಮಹಿಳಾ ತಂಡದ ವಿಷಯ ಬಂದರೆ ಫಿಲಿಪ್ಪೀನ್ಸ್‌ನ ಉದಾಹರಣೆ ಕೊಡುತ್ತಾರೆ, ಅದರಲ್ಲೂ ಗೋಲ್‌ಕೀಪರ್ ಒಲಿವಿಯಾ ಮೆಕ್‌ಡೇನಿಯಲ್ ಅವರದು. ಉದಾಹರಣೆ ಸರಿಯಾದದ್ದೇ. ಅದನ್ನು ಓದಿಕೊಳ್ಳುತ್ತಿರುವ ರೀತಿ ಮಾತ್ರ ಅರೆಬರೆ.

ಅಮೆರಿಕದಲ್ಲಿ ಬೆಳೆದ ಮೆಕ್‌ಡೇನಿಯಲ್ ಹೆಸರು ಮಾಡಿದ್ದು ನಮ್ಮ ನೆಲದಲ್ಲೇ. 2022ರ ಜನವರಿ 30ರಂದು ಪುಣೆಯ ಬಾಲೇವಾಡಿಯಲ್ಲಿ ಏಷ್ಯನ್ ಕಪ್ ಕ್ವಾರ್ಟರ್‌ಫೈನಲ್. ಚೈನೀಸ್ ತೈಪೆ ಜೊತೆ 1–1 ಸಮ, ಆಮೇಲೆ ಪೆನಾಲ್ಟಿ ಶೂಟೌಟ್. ಅದರಲ್ಲಿ ಎದುರಾಳಿಗಳ ಹೊಡೆತ ತಡೆದದ್ದಲ್ಲದೆ ತಾವೂ ಒಂದನ್ನು ಗೋಲಿಗೆ ಹೊಡೆದರು. 4–3ರಲ್ಲಿ ಗೆದ್ದ ಫಿಲಿಪ್ಪೀನ್ಸ್ ಮೊದಲ ಬಾರಿಗೆ ವಿಶ್ವಕಪ್ ಟಿಕೆಟ್ ಪಡೆಯಿತು. (ಆತಿಥೇಯ ಭಾರತ ಕೋವಿಡ್‌ನಿಂದಾಗಿ ಕನಿಷ್ಠ ಬೇಕಿದ್ದ 13 ಆಟಗಾರ್ತಿಯರನ್ನೂ ಹೊಂದಿಸಲಾಗದೆ ಅಷ್ಟರಲ್ಲೇ ಟೂರ್ನಿಯಿಂದ ಹೊರಬಿದ್ದಿತ್ತು, ಆ ಸಂಕಟ ಬೇರೆಯದೇ.) ಆ ವಿಶ್ವಕಪ್‌ನಲ್ಲಿ, 2023ರ ಜುಲೈ 25ರಂದು ವೆಲಿಂಗ್ಟನ್‌ನಲ್ಲಿ ಆತಿಥೇಯ ನ್ಯೂಜಿಲೆಂಡ್ ವಿರುದ್ಧ ಸರೀನಾ ಬೋಲ್ಡನ್ ತಲೆಯಿಂದ ಹೊಡೆದ ಒಂದೇ ಗೋಲನ್ನು ಕೊನೆತನಕ ಕಾಪಾಡಿದವರೂ ಇವರೇ. ಹೆಚ್ಚುವರಿ ನಿಮಿಷಗಳಲ್ಲಿ ಗ್ರೇಸ್ ಜೇಲ್ ಹೊಡೆತವನ್ನು ತಡೆದರು. ಮುಂದಿನ ಪಂದ್ಯದಲ್ಲಿ ನಾರ್ವೆ ಆರು ಗೋಲು ಹಾಕಿತೆಂಬುದನ್ನೂ ಮರೆಯಬಾರದು.

ಇನ್ನು ಪಾಸ್‌ಪೋರ್ಟ್ ವಿಚಾರ. ಹುಟ್ಟುವಾಗ ತಂದೆ ಅಥವಾ ತಾಯಿ ಫಿಲಿಪ್ಪೀನ್ಸ್ ಪ್ರಜೆಯಾಗಿದ್ದರೆ, ಮಗು ಅಮೆರಿಕದಲ್ಲಿ ಹುಟ್ಟಿದ್ದರೂ ಫಿಲಿಪ್ಪೀನ್ಸ್ ಪ್ರಜೆಯೇ. ಅಮೆರಿಕದ ಪಾಸ್‌ಪೋರ್ಟ್ ಬಿಡಬೇಕಾಗಿಲ್ಲ. ನಮ್ಮಲ್ಲಿ ಹಾಗಿಲ್ಲ. ಹೊರದೇಶದ ಪ್ರಜೆಗಳಾಗಿರುವ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಎಂದರೆ ವೀಸಾ ತಾಪತ್ರಯ ತಪ್ಪಿಸುವ ಸವಲತ್ತು, ಪೌರತ್ವವಲ್ಲ. ಫಿಫಾ ಕೇಳುವುದು ಪೌರತ್ವವನ್ನು. ಅದನ್ನು ಹೊಸದಾಗಿ ಪಡೆದವರು ಆ ನೆಲದಲ್ಲಿ ತಾವೇ ಹುಟ್ಟಿರಬೇಕು, ಇಲ್ಲವೇ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಲ್ಲಿ ಒಬ್ಬರಾದರೂ ಹುಟ್ಟಿರಬೇಕು. ಅದೂ ಇಲ್ಲದಿದ್ದರೆ ಕೆಲವು ವರ್ಷ ಅಲ್ಲೇ ವಾಸವಿರಬೇಕು. ಮುತ್ತಜ್ಜನ ಊರು ಲೆಕ್ಕಕ್ಕೆ ಬರುವುದಿಲ್ಲ.

ಗೋಲ್‌ಕೀಪರ್ ವಿಷಯದಲ್ಲಿ ಲೆಕ್ಕ ಇನ್ನೂ ಬಿಗಿ. ಮುಂಪಡೆಯಲ್ಲಿ ಜಾಗ ಸಿಗದವಳು 70ನೇ ನಿಮಿಷಕ್ಕಾದರೂ ಮೈದಾನಕ್ಕೆ ಇಳಿದಾಳು. ಗೋಲಿಗೆ ಇರುವುದು ಒಂದೇ ಜಾಗ. 2023ರ ವಿಶ್ವಕಪ್‌ನಲ್ಲಿದ್ದಂತೆ 23 ಜನರ ಪಟ್ಟಿಯಲ್ಲಿ ಮೂವರು ಕೀಪರ್‌ಗಳಿದ್ದರೆ ಇಬ್ಬರು ಒಂದು ನಿಮಿಷವೂ ಆಡದೆ ಮನೆಗೆ ಮರಳಬಹುದು. ಮಹಿಳಾ ಫುಟ್‌ಬಾಲ್‌ನಲ್ಲಿ ಸಿಗುವ ಸಂಬಳ ನೋಡಿದರೆ, ಬೆಂಚಿನ ಮೇಲೆ ಕೂರುವುದಕ್ಕಾಗಿ ಯಾವ ಹುಡುಗಿ ಅಮೆರಿಕದ ಪೌರತ್ವ ಬಿಟ್ಟಾಳು?

ಬಂದಳೆಂದೇ ಇಟ್ಟುಕೊಳ್ಳಿ. ಗೋಲಿನ ಮುಂದಿನ ಕೆಲಸ ಕೈಗಿಂತ ಮೊದಲು ಬಾಯಿಯಿಂದ ಶುರುವಾಗುತ್ತದೆ. ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಎತ್ತಿ ಹೊಡೆದ ಚೆಂಡು (ಕ್ರಾಸ್) ಬಂದಾಗ ಕೀಪರ್ 'ಕೀಪರ್!' ಎಂದು ಕೂಗಿದರೆ ಡಿಫೆಂಡರ್ ಸರಿದು ದಾರಿ ಬಿಡಬೇಕು, 'ಅವೇ!' ಎಂದರೆ ಆಕೆಯೇ ಚೆಂಡನ್ನು ಆಚೆಗಟ್ಟಬೇಕು. ಚೆಂಡು ಎತ್ತರದಿಂದ ಇಳಿಯತೊಡಗುವ ಮುನ್ನ ಕೂಗು ಕೇಳಿಸಬೇಕು. ಅರೆಕ್ಷಣ ತಡವಾದರೆ ಇಬ್ಬರೂ ಒಂದೇ ಚೆಂಡಿಗೆ ಹಾರಿ ಡಿಕ್ಕಿ ಹೊಡೆಯುತ್ತಾರೆ, ಚೆಂಡು ಎದುರಾಳಿಯ ಕಾಲಿಗೆ ಬೀಳುತ್ತದೆ. ಮಣಿಪುರ, ತಮಿಳುನಾಡು, ಹರಿಯಾಣದ ಹುಡುಗಿಯರ ಹಿಂದೆ ನಿಂತು ಈ ಹೊಂದಾಣಿಕೆ ಸಾಧಿಸುವುದು ಪಂದ್ಯಕ್ಕೆ ನಾಲ್ಕು ದಿನ ಮುಂಚೆ ವಿಮಾನದಿಂದ ಇಳಿದವಳಿಗೆ ಆಗದ ಕೆಲಸ. ಫಿಲಿಪ್ಪೀನ್ಸ್ ತಂಡ ಪುಣೆಗೆ ಬರುವ ಮುನ್ನ ಕೋಚ್ ಅಲೆನ್ ಸ್ಟಾಯ್ಚಿಚ್ ಜೊತೆ ಅಮೆರಿಕದಲ್ಲಿ ದೀರ್ಘ ಶಿಬಿರ ಮುಗಿಸಿತ್ತು. ಪಾಸ್‌ಪೋರ್ಟ್ ಬಗ್ಗೆ ಬರೆಯುವವರು ಇದನ್ನು ಬರೆಯುವುದೇ ಇಲ್ಲ.

ಪೆನಾಲ್ಟಿಯನ್ನೇ ತೆಗೆದುಕೊಳ್ಳಿ. 11 ಮೀಟರ್ ದೂರದಿಂದ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಚೆಂಡು ಅರ್ಧ ಸೆಕೆಂಡಿನಲ್ಲಿ ಗೋಲಿನ ಗೆರೆ ಮುಟ್ಟುತ್ತದೆ. ಗೋಲಿನ ಅಗಲ 7.32 ಮೀಟರ್, ನಡುವೆ ನಿಂತವಳಿಗೆ ಎರಡೂ ಬದಿಗೆ 3.66 ಮೀಟರ್. ಚೆಂಡು ಹೊರಟ ಮೇಲೆ ನೋಡಿ ಹಾರಿದರೆ ಮೂಲೆ ಸಿಗುವುದಿಲ್ಲ, ಹಾಗಾಗಿ ಹೊಡೆಯುವವಳು ಊರಿದ ಪಾದ ಯಾವ ಕಡೆ ತಿರುಗಿದೆ, ಸೊಂಟ ಎಷ್ಟು ತೆರೆದಿದೆ ಎಂಬುದನ್ನು ಓದಬೇಕು. ಆತುರಪಟ್ಟು ಗೆರೆ ಬಿಟ್ಟರೂ ಕಷ್ಟ: ಹೊಡೆಯುವ ಕ್ಷಣದಲ್ಲಿ ಒಂದು ಪಾದದ ಭಾಗವಾದರೂ ಗೆರೆಯ ಮೇಲೋ ಅದರ ಹಿಂದೋ ಇರಬೇಕು. ಇಲ್ಲದಿದ್ದರೆ ತಡೆದದ್ದೂ ವ್ಯರ್ಥ, ಮತ್ತೆ ಹೊಡೆಸುತ್ತಾರೆ. ಮೊದಲ ತಪ್ಪಿಗೆ ಎಚ್ಚರಿಕೆ, ಎರಡನೆಯದಕ್ಕೆ ಹಳದಿ ಕಾರ್ಡ್.

ಇಷ್ಟನ್ನೂ ಹನ್ನೆರಡು-ಹದಿಮೂರರ ವಯಸ್ಸಿನಲ್ಲೇ ಕಲಿಸಬೇಕು. ನಮ್ಮ ಶಾಲೆಗಳಲ್ಲಿ ನಡೆಯುವುದೇನು? ಓಡಲಾಗದವಳನ್ನು ಗೋಲಿಗೆ ನಿಲ್ಲಿಸುತ್ತಾರೆ. ಪುಟ್ಟ ಹುಡುಗಿಯನ್ನು 24 ಅಡಿ ಅಗಲ, 8 ಅಡಿ ಎತ್ತರದ ದೊಡ್ಡವರ ಗೋಲಿನಲ್ಲಿ ನಿಲ್ಲಿಸಿ, ತಲೆ ಮೇಲಿಂದ ಚೆಂಡು ಹೋದಾಗ ಬೈಯುತ್ತಾರೆ. ಇಂಗ್ಲೆಂಡಿನಲ್ಲಿ ಒಂಬತ್ತು ಮಂದಿಯ ಮಕ್ಕಳ ಆಟಕ್ಕೆ ಇಡುವ ಗೋಲು 16 ಅಡಿ ಅಗಲ, 7 ಅಡಿ ಎತ್ತರದ್ದು. ಬೀಳುವುದನ್ನು ಮೊದಲು ಮಂಡಿಯೂರಿ, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು ಕಲಿಸಬೇಕು. ತೊಡೆಯ ಬದಿ, ಸೊಂಟ, ಭುಜ, ಈ ಕ್ರಮದಲ್ಲಿ ನೆಲ ತಾಗಬೇಕು. ಈ ಮೆಟ್ಟಿಲು ಹಾರಿಸಿದರೆ ಮಗು ಮೊಣಕೈ ಊರುತ್ತದೆ. ಒಮ್ಮೆ ನೋವಾದರೆ ಆ ಬದಿಗೆ ಹಾರಲು ವರ್ಷಗಟ್ಟಲೆ ಹೆದರುತ್ತದೆ. ಗ್ಲೌಸ್ ಕೂಡ ಅಣ್ಣಂದಿರದ್ದು, ಬೆರಳ ತುದಿಯಲ್ಲಿ ಎರಡು ಸೆಂಟಿಮೀಟರ್ ಖಾಲಿ. ತೊಳೆದು ಬಿಸಿಲಿಗೆ ಹಾಕಿದರೆ ಲೇಟೆಕ್ಸ್ ಬಿರುಕು ಬಿಟ್ಟು ಹಿಡಿತ ಹೋಗುತ್ತದೆ. ನೆರಳಲ್ಲಿ ಒಣಗಿಸಿ, ಪಂದ್ಯಕ್ಕೆ ಮುಂಚೆ ಸ್ವಲ್ಪ ಒದ್ದೆ ಮಾಡಿಕೊಳ್ಳಬೇಕು.

ಹೊರಗಿನಿಂದ ಬರುವವರಿಗೆ ಬಾಗಿಲು ತೆರೆಯಲಿ, ಬೇಡವೆನ್ನುವುದಿಲ್ಲ. ಅದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ. ಇಲ್ಲಿ ಮುಂದಿನ ಜಿಲ್ಲಾ ಮಟ್ಟದ ಬಾಲಕಿಯರ ಟೂರ್ನಿಯಲ್ಲಿ 13 ವರ್ಷದೊಳಗಿನವರ ಪಂದ್ಯಗಳಿಗಾದರೂ ಗೋಲನ್ನು ಕಿರಿದು ಮಾಡಲಿ, ಪ್ರತಿ ಮೈದಾನಕ್ಕೆ ಒಬ್ಬ ಕೀಪಿಂಗ್ ತರಬೇತುದಾರರನ್ನು ನೇಮಿಸಲಿ ಎಂಬುದು ನಮ್ಮ ಕೋರಿಕೆ.

– ಬಾಲಕಿಯರ ಗೋಲ್‌ಕೀಪಿಂಗ್ ತರಬೇತುದಾರರು, ಬೆಂಗಳೂರು