ಒಂದೇ ಶಾಲೆ, ಎರಡು ಸಂಬಳ

ಮಾನ್ಯ ಸಂಪಾದಕರೇ,

ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಮೇಲೆ, ಸರ್ಕಾರಿ ಶಾಲೆಯ ಶಿಕ್ಷಕರಿಗೆ ಸಿಗುವ ಸಂಬಳ ಅವರ ಕೆಲಸಕ್ಕೆ ತಕ್ಕುದೇ ಎಂಬ ವಾದ ನಮ್ಮ ಭಾಗದ ಚಹಾ ಅಂಗಡಿಗಳಲ್ಲೂ ನಡೆಯುತ್ತಿದೆ. ಸಂಬಳ ಏರಿತು, ಪಾಠ ಏರಲಿಲ್ಲ ಎನ್ನುವವರೂ, ಶಿಕ್ಷಕರಿಗೆ ಎಷ್ಟು ಕೊಟ್ಟರೂ ಕಡಿಮೆಯೇ ಎನ್ನುವವರೂ ಶಾಲೆಯಲ್ಲಿ ಇರುವುದು ಒಂದೇ ಬಗೆಯ ಸಂಬಳ ಎಂದುಕೊಂಡೇ ಮಾತನಾಡುತ್ತಾರೆ. ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಇದ್ದು ಕಂಡ ನನಗೆ ಆ ತಿಳಿವಳಿಕೆಯೇ ತಪ್ಪೆನಿಸುತ್ತದೆ. ಕಾಯಂ ಶಿಕ್ಷಕರ ಸಂಬಳ ಒಂದು, ಖಾಲಿ ಹುದ್ದೆಗೆ ತಾತ್ಕಾಲಿಕವಾಗಿ ಕರೆಸಿಕೊಳ್ಳುವ ಅತಿಥಿ ಶಿಕ್ಷಕರ ಗೌರವಧನ ಇನ್ನೊಂದು.

ಮೊದಲು ಕಾಯಂ ಶಿಕ್ಷಕರ ವಿಚಾರ. ಪ್ರಾಥಮಿಕ ಶಾಲಾ ಶಿಕ್ಷಕರ ಮೂಲವೇತನ ಈಗ ₹41,300ರಿಂದ ಆರಂಭವಾಗುತ್ತದೆ. ಅದರ ಮೇಲೆ ತುಟ್ಟಿಭತ್ಯೆ ಮತ್ತು ಮನೆಬಾಡಿಗೆ ಭತ್ಯೆ. ಮಳೆಯನ್ನೋ ಕಾಲುವೆಯ ನೀರನ್ನೋ ನಂಬಿ ಬಿತ್ತುವ ನಮ್ಮಂಥವರ ಕಣ್ಣಿಗೆ ಇದು ಸಣ್ಣ ಮೊತ್ತವಲ್ಲ, ಅನ್ಯಾಯದ ಸಂಬಳವೂ ಅಲ್ಲ. ಅವರಿಗೂ ನ್ಯಾಯವಾದ ದೂರುಗಳಿವೆ. 2006ರ ಏಪ್ರಿಲ್ ನಂತರ ಸೇರಿದ ಬಹುತೇಕರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಹೇಳಿದ್ದರೂ, 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಅವರೇ. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೆ ಹೋದ ಮಕ್ಕಳನ್ನೂ, ಪಾಲಕರೊಂದಿಗೆ ಬೆಂಗಳೂರಿಗೆ ಗುಳೆ ಹೊರಟ ಮಕ್ಕಳನ್ನೂ ಶಾಲೆಗೆ ಮರಳಿ ತರಲು ಅವರು ಪಡುವ ಪಾಡು ಯಾವ ದಾಖಲೆಯಲ್ಲೂ ಸೇರುವುದಿಲ್ಲ. ಇಷ್ಟಾದರೂ, ಅವರ ಸಂಬಳ ತಿಂಗಳು ತಿಂಗಳು ಬರುತ್ತದೆ.

ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ ಅತಿಥಿ ಶಿಕ್ಷಕಿ ಪಾಠ ಮಾಡುತ್ತಾರೆ. ಡಿ.ಇಡಿ. ಅಥವಾ ಬಿ.ಇಡಿ. ಮುಗಿಸಿದವರು; ಅವೇ ಪುಸ್ತಕಗಳು, ಅವೇ ಪರೀಕ್ಷೆಗಳು, ಬಿಸಿಯೂಟದ ಸಾಲು ನೋಡಿಕೊಳ್ಳುವ ಕೆಲಸವೂ ಅದೇ. 2025–26ರ ಬಜೆಟ್‌ನಲ್ಲಿ ₹2,000 ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ ₹12,000, ಪ್ರೌಢಶಾಲೆಯವರದು ₹12,500. ಅದೂ ಶೈಕ್ಷಣಿಕ ವರ್ಷದ ಹತ್ತು ತಿಂಗಳಿಗೆ ಮಾತ್ರ. ಹಾಗಾಗಿ ವರ್ಷಕ್ಕೆ ₹1,20,000. ಹನ್ನೆರಡು ತಿಂಗಳಿಗೆ ಹಂಚಿದರೆ ₹10,000. ಕಾಯಂ ಶಿಕ್ಷಕರಿಗೆ ಸೇವೆಯ ಮೊದಲ ವರ್ಷವೇ ಭತ್ಯೆಗಳನ್ನು ಬಿಟ್ಟು ಬರುವ ಮೂಲವೇತನ ₹4,95,600. ಅದೇ 2025–26ರಲ್ಲಿ ನರೇಗಾ ಕೂಲಿ ದಿನಕ್ಕೆ ₹370 ಇತ್ತು. ಆ ದರದಲ್ಲಿ ತಿಂಗಳಿಗೆ 26 ದಿನ ದುಡಿದರೆ ₹9,620. ಕೂಲಿ ಕೀಳು ಎಂಬುದು ನನ್ನ ಮಾತಲ್ಲ, ನಾನೂ ಆ ಕೆಲಸ ಮಾಡಿದವನೇ. ಆದರೆ ಮಕ್ಕಳಿಗೆ ಗಣಿತ ಕಲಿಸುವವರ ಲೆಕ್ಕ ಅದರ ಆಸುಪಾಸಿನಲ್ಲೇ ನಿಲ್ಲುವುದನ್ನು ಸರ್ಕಾರ ಹೇಗೆ ಸಮರ್ಥಿಸುತ್ತದೆ? ಈ ಗೌರವಧನವೂ ಸಕಾಲಕ್ಕೆ ಬರುವುದಿಲ್ಲ. ಅನುದಾನ ಬಿಡುಗಡೆಯಾಗಲಿಲ್ಲ ಎಂಬ ಉತ್ತರ ಕೇಳಿಕೊಂಡು ದೀಪಾವಳಿಗೂ ಕೈ ಖಾಲಿ ಇದ್ದವರನ್ನು ನಾನು ಬಲ್ಲೆ.

ಅತಿಥಿಗಳು ತಾತ್ಕಾಲಿಕ, ಹುದ್ದೆ ತುಂಬಿದ ಕೂಡಲೇ ಹೋಗುವವರು, ಅವರನ್ನು ಕಾಯಂ ನೌಕರರೊಂದಿಗೆ ಹೋಲಿಸಬಾರದು ಎಂಬ ವಾದವಿದೆ. ಒಂದು ವರ್ಷಕ್ಕೆ ಇದು ಒಪ್ಪಬಹುದಾದ ಮಾತು. ಪ್ರತಿ ಜೂನ್‌ನಲ್ಲಿ ಅವರನ್ನೇ ಕರೆದು, ಪ್ರತಿ ಮಾರ್ಚ್‌ನಲ್ಲಿ ಅವರನ್ನೇ ಕಳುಹಿಸುವ ವ್ಯವಸ್ಥೆಗೆ ತಾತ್ಕಾಲಿಕ ಎಂಬ ಹೆಸರು ಒಪ್ಪುವುದಿಲ್ಲ. ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ಅನ್ವಯವಾಗುತ್ತದೆ ಎಂದು ಪಂಜಾಬ್ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ.

ಇದು ರಾಜ್ಯಕ್ಕೆಲ್ಲ ಇರುವ ಸಮಸ್ಯೆಯಾದರೂ ರಾಯಚೂರು, ಕೊಪ್ಪಳ, ಬಳ್ಳಾರಿಗೆ ಹೆಚ್ಚು ತಟ್ಟುತ್ತದೆ, ಏಕೆಂದರೆ ಹುದ್ದೆಗಳು ಹೆಚ್ಚು ಖಾಲಿ ಉಳಿಯುವುದು ದೇವದುರ್ಗ, ಕುಷ್ಟಗಿಯಂಥ ತಾಲ್ಲೂಕುಗಳಲ್ಲೇ. ನಮ್ಮ ಜಿಲ್ಲೆಗಳು ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿತು. 2022ರಲ್ಲಿ ಕರೆದ 15,000 ಪದವೀಧರ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಮೀಸಲಿದ್ದವು. ಆದರೂ ಜೂನ್ ಬಂದರೆ ಅತಿಥಿಗಳಿಲ್ಲದೆ ನಮ್ಮ ಶಾಲೆಗಳ ವೇಳಾಪಟ್ಟಿ ತುಂಬುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣದ ಜಿಲ್ಲೆಗಳನ್ನು ಕೆಳಗಿನಿಂದ ಹುಡುಕಬೇಕಾದಾಗ ಮುಖ್ಯಶಿಕ್ಷಕರಿಗೆ ನೋಟಿಸು ಕೊಡುವ ಇಲಾಖೆ, ಆ ತರಗತಿಗಳಿಗೆ ಅರ್ಧ ವರ್ಷ ಪಾಠ ಮಾಡಿದವರಿಗೆ ಎಷ್ಟು ತಿಂಗಳ ಗೌರವಧನ ಬಾಕಿ ಇತ್ತೆಂಬುದನ್ನೂ ಅದೇ ನೋಟಿಸಿನಲ್ಲಿ ಬರೆಯಲಿ.

ಹುದ್ದೆ ಖಾಲಿ ಇಟ್ಟಾಗ ಉಳಿಯುವ ಸಂಬಳದ ಹಣದಲ್ಲಿ ಸಣ್ಣ ಪಾಲಷ್ಟೇ ಅತಿಥಿಗೆ ಹೋಗುತ್ತದೆ. ನೇಮಕಾತಿ ಮುಗಿಯುವವರೆಗಾದರೂ ಕಾಯಂ ಶಿಕ್ಷಕರ ಆರಂಭಿಕ ಮೂಲವೇತನದ ಅರ್ಧದಷ್ಟನ್ನು ಹನ್ನೆರಡೂ ತಿಂಗಳು, ಕಾಯಂ ನೌಕರರಿಗೆ ಸಂಬಳವಾಗುವ ದಿನವೇ ಇವರ ಬ್ಯಾಂಕ್ ಖಾತೆಗೂ ಹಾಕಬೇಕು. ಈ ಬೇಡಿಕೆಯನ್ನು ಮೂರೂ ಜಿಲ್ಲೆಗಳ ಶಾಸಕರು ಬರುವ ಬಜೆಟ್ ಅಧಿವೇಶನದಲ್ಲಿ ಒಟ್ಟಾಗಿ ಎತ್ತಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಎಸ್‌ಡಿಎಂಸಿ ಮಾಜಿ ಸದಸ್ಯ, ರಾಯಚೂರು ಜಿಲ್ಲೆ